ಪದ ಕೊಟ್ಟವರ ಹಕ್ಕು

1669ರಲ್ಲಿ ಲಂಡನ್ನಿನಲ್ಲಿ ಎರಡು ಭಾರೀ ಸಂಪುಟಗಳ ಒಂದು ನಿಘಂಟು ಅಚ್ಚಾಯಿತು. ಅದರ ಹೆಸರು ಲೆಕ್ಸಿಕಾನ್ ಹೆಪ್ಟಾಗ್ಲಾಟನ್, ಅಂದರೆ ಏಳು ನುಡಿಗಳ ಕೋಶ. ಹೀಬ್ರೂ, ಕ್ಯಾಲ್ಡಿಯನ್ (ಈಗ ನಾವು ಅರಾಮಿಕ್ ಎನ್ನುವುದು), ಸಿರಿಯಾಕ್, ಸಮಾರಿಟನ್, ಇಥಿಯೋಪಿಯಾದ ಗೀಜ್, ಅರಬ್ಬಿ ಈ ಆರೂ ಒಟ್ಟಿಗೆ; ಏಳನೆಯದಾದ ಪರ್ಷಿಯನ್ನಿಗೆ ಬೇರೆಯೇ ಭಾಗ. ಎಲ್ಲಕ್ಕೂ ಅರ್ಥ ಹೇಳುವ ಭಾಷೆ ಲ್ಯಾಟಿನ್. ಇದನ್ನು ಕಟ್ಟಿದವನು ಎಡ್ಮಂಡ್ ಕ್ಯಾಸ್ಟೆಲ್ ಎಂಬ ಇಂಗ್ಲಿಷ್ ಪಾದ್ರಿ. ಹದಿನೆಂಟು ವರ್ಷದ ಕೆಲಸ. ದಿನಕ್ಕೆ ಹದಿನಾರು, ಹದಿನೆಂಟು ಗಂಟೆ ದುಡಿಯದ ದಿನ ತನ್ನ ಪಾಲಿಗೆ ರಜೆಯಂತೆ ಎಂದು ಹೇಳಿಕೊಂಡ ಮನುಷ್ಯ ಆತ. ಖರ್ಚಾದದ್ದು 12,000 ಪೌಂಡಿಗಿಂತ ಹೆಚ್ಚು ಎಂದು ಆತನದೇ ಲೆಕ್ಕ. ನಡುವೆ ಅಣ್ಣತಮ್ಮಂದಿರ ಸಾಲಕ್ಕೆ ಹೊಣೆ ನಿಂತು 1667ರಲ್ಲಿ ಜೈಲಿಗೂ ಹೋದ. ಪುಸ್ತಕ ಹೊರಬರುವಷ್ಟರಲ್ಲಿ ಕಣ್ಣು ಬಹುಪಾಲು ಹೋಗಿತ್ತು. ಪುಸ್ತಕ ಮಾರಾಟವಾಗಲಿಲ್ಲ. ಆತ ಸತ್ತಾಗ ಐನೂರರಷ್ಟು ಪ್ರತಿಗಳು ಉಳಿದಿದ್ದವು. ಅವನ್ನು ಸಂಬಂಧಿಕರೊಬ್ಬರು ಒಂದು ಬಾಡಿಗೆ ಮನೆಯ ಕೋಣೆಯಲ್ಲಿ ತುಂಬಿಟ್ಟರು. ವರ್ಷಗಳ ನಂತರ ಬಾಗಿಲು ತೆಗೆದರೆ ಇಲಿಗಳು ತಿಂದು ಬಿಟ್ಟದ್ದರಲ್ಲಿ ಒಂದು ಪೂರ್ತಿ ಪ್ರತಿ ಸಿಗುವುದೂ ಕಷ್ಟವಾಗಿತ್ತಂತೆ.

ಪಿಎಚ್‌ಡಿ ಮಾಡುತ್ತಿರುವವರಿಗೆ ಈ ಕಥೆ ಹೇಳಿ ನೋಡಿ, ಒಂದು ಕ್ಷಣ ಸುಮ್ಮನಾಗುತ್ತಾರೆ. ಫೆಲೋಶಿಪ್ಪು ಆರು ತಿಂಗಳು ತಡವಾದರೆ ನಾವೆಲ್ಲ ಸಣ್ಣಪುಟ್ಟ ಕ್ಯಾಸ್ಟೆಲ್‌ಗಳೇ. ವಿದ್ವತ್ತಿಗಾಗಿ ಕಣ್ಣು, ಕಾಸು, ಆಯುಸ್ಸು ಸುರಿದವರ ಕಥೆಗಳಿಗೆ ನಮ್ಮಲ್ಲಿ ಒಂದು ಭಕ್ತಿಯಿದೆ. ಆದರೆ ಈ ಕಥೆಯೊಳಗೆ ಒಂದು ವಾಕ್ಯ ಸದ್ದಿಲ್ಲದೆ ದಾಟಿಹೋಗುತ್ತದೆ. ಕ್ಯಾಸ್ಟೆಲ್ ತನ್ನ ಖರ್ಚಿನಲ್ಲಿ ಏಳು ಜನ ಇಂಗ್ಲಿಷರನ್ನೂ ಏಳು ಜನ ಪರದೇಶದವರನ್ನೂ ಸಹಾಯಕರಾಗಿ ಇಟ್ಟುಕೊಂಡಿದ್ದ, ಕೆಲಸ ಮುಗಿಯುವುದರೊಳಗೆ ಅವರೆಲ್ಲ ಸತ್ತಿದ್ದರು ಇಲ್ಲವೇ ಬಿಟ್ಟು ಹೋಗಿದ್ದರು ಎಂಬ ವಾಕ್ಯ ಅದು. ಹದಿನಾಲ್ಕು ಜನ. ಮುಖಪುಟದಲ್ಲಿ ಒಬ್ಬನ ಹೆಸರು.

ಮುಖಪುಟದಲ್ಲಿ ಹದಿನೈದು ಹೆಸರು ಹಾಕಬೇಕಿತ್ತು ಎಂದು ನಾನು ವಾದಿಸಲು ಹೊರಟಿಲ್ಲ. ಆ ಹದಿನಾಲ್ಕು ಜನರ ಹಿಂದೆ ಇನ್ನೂ ದೊಡ್ಡ ಗುಂಪೊಂದು ನಿಂತಿದೆ: ಆ ಭಾಷೆಗಳನ್ನು ಆಡಿದವರು, ಅವುಗಳಲ್ಲಿ ಪ್ರಾರ್ಥಿಸಿದವರು, ಅವುಗಳಿಗೆ ತಮ್ಮದೇ ನಿಘಂಟುಗಳನ್ನು ಬರೆದಿಟ್ಟವರು. ನಿಘಂಟು ಮಾಡುವವನಿಗೆ ಅವರ ಜೊತೆ ಇರುವ ಸಂಬಂಧ ಎಂಥದ್ದು? ಪದ ಕೊಟ್ಟವರಿಗೆ, ತೆಗೆದುಕೊಂಡವನ ಮೇಲೆ ಯಾವ ಹಕ್ಕಿದೆ?

ಹಕ್ಕು ಎಂಬ ಪದವನ್ನೇ ಹಿಡಿಯೋಣ. ನಮ್ಮ ಪಹಣಿ, ಪೊಲೀಸು ಠಾಣೆ, ಸಂವಿಧಾನದ ಪಾಠ ಎಲ್ಲ ಕಡೆ ಇರುವ ಈ ಪದ ಅರಬ್ಬಿಯ ಹಕ್ಕ್. ಅಲ್ಲಿ ಅದಕ್ಕೆ ಸತ್ಯ, ನ್ಯಾಯ, ಸಲ್ಲಬೇಕಾದದ್ದು ಎಂಬ ಅರ್ಥಗಳಿವೆ. ಹೀಬ್ರೂವಿನಲ್ಲಿ ಇದೇ ವ್ಯಂಜನಗಳ ಧಾತುವಿಗೆ ಕೆತ್ತು, ಕೊರೆ ಎಂಬ ಅರ್ಥವಿದೆ. ಅದರಿಂದ ಹೋಕ್, ಅಂದರೆ ಶಾಸನ, ವಿಧಿ. ಸಲಾಮು ಕೂಡ ಹಾಗೆಯೇ: ಅರಬ್ಬಿಯ ಸಲಾಮ್, ಹೀಬ್ರೂವಿನ ಶಾಲೋಮ್, ಸಿರಿಯಾಕ್‌ನ ಶ್ಲಾಮಾ, ಗೀಜ್‌ನ ಸಲಾಮ್. ಮೂರು ವ್ಯಂಜನಗಳ ಒಂದು ಬೇರಿನಿಂದ ಸ್ವರಗಳನ್ನು ಬದಲಿಸುತ್ತಾ ಪದಗಳನ್ನು ಹುಟ್ಟಿಸುವುದು ಈ ಭಾಷಾಕುಟುಂಬದ ರೀತಿ. ಒಂದು ಬೇರಿನ ಕೆಳಗೆ ಆರು ಭಾಷೆಗಳನ್ನು ಜೋಡಿಸಿಟ್ಟರೆ ಅವು ಅಕ್ಕತಂಗಿಯರು ಎಂಬುದು ಕಣ್ಣಿಗೇ ಹೊಡೆಯುತ್ತದೆ.

ಕ್ಯಾಸ್ಟೆಲ್‌ನ ಕಾಲದವರು ಇವನ್ನು ಅಕ್ಕತಂಗಿಯರು ಎನ್ನುತ್ತಿರಲಿಲ್ಲ. ‘ಸೆಮಿಟಿಕ್’ ಎಂಬ ಹೆಸರು ಬಳಕೆಗೆ ಬಂದದ್ದೇ 1781ರಲ್ಲಿ. ಅವರ ಪಾಲಿಗೆ ಇವು ‘ಪೂರ್ವದ ಭಾಷೆಗಳು’. ಅವುಗಳಲ್ಲಿ ಹೀಬ್ರೂ ತಾಯಿ, ಉಳಿದವು ಮಕ್ಕಳು ಎಂಬುದು ಬಹುಪಾಲು ಜನರ ನಂಬಿಕೆ. ಮಕ್ಕಳನ್ನು ವಿಚಾರಿಸುವುದು ತಾಯಿಯ ಬಗ್ಗೆ ತಿಳಿಯುವುದಕ್ಕೆ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಒಂದೇ ಒಂದು ಸಲ ಬಂದು ಮಾಯವಾಗುವ ಪದಗಳಿವೆ. ಯೋಬನ ಗ್ರಂಥದಲ್ಲಂತೂ ಅಂಥವು ಬೇಕಾದಷ್ಟು. ಒಂದೇ ಸಲ ಬಂದ ಪದದ ಅರ್ಥವನ್ನು ಸಂದರ್ಭದಿಂದ ಊಹಿಸುವುದು ಕಷ್ಟ. ಅದೇ ಬೇರಿನ ಪದ ಅರಬ್ಬಿಯಲ್ಲೋ ಸಿರಿಯಾಕ್‌ನಲ್ಲೋ ಬದುಕಿದ್ದರೆ ಒಂದು ದಾರಿ ಸಿಕ್ಕಂತೆ. ಕ್ಯಾಸ್ಟೆಲ್‌ನ ಕೋಶ ಹುಟ್ಟಿದ್ದೂ 1654ರಿಂದ 1657ರ ನಡುವೆ ಆರು ಸಂಪುಟಗಳಲ್ಲಿ ಬಂದ ಲಂಡನ್ನಿನ ಬಹುಭಾಷಾ ಬೈಬಲ್ಲಿಗೆ ಜೊತೆಗಾರನಾಗಿ. ಅದಕ್ಕೂ ಮೊದಲು 1612ರಲ್ಲಿ ವ್ಯಾಲೆಂಟಿನ್ ಶಿಂಡ್ಲರ್‌ನ ಐದು ಭಾಷೆಗಳ ಕೋಶ ಬಂದಿತ್ತು, ಆತ ಸತ್ತು ಎಂಟು ವರ್ಷಗಳ ಮೇಲೆ.

ಅಂದರೆ ಅರಬ್ಬಿ ಇಲ್ಲಿ ಬೀಗದ ಕೈ. ಬೀಗ ಹೀಬ್ರೂ, ಮನೆ ಬೈಬಲ್ಲು. ಮನುಷ್ಯರನ್ನು ಬರೀ ಸಾಧನವಾಗಿ ಕಾಣಬಾರದು ಎಂದು ಕಾಂಟ್ ಹೇಳಿದ್ದನ್ನು ನಾವೆಲ್ಲ ಬಿ.ಎ. ತರಗತಿಯಲ್ಲಿ ಬರೆದುಕೊಂಡಿದ್ದೇವೆ. ಭಾಷೆಯನ್ನು ಸಾಧನವಾಗಿ ಕಂಡರೆ? ಭಾಷೆಗೆ ನೋವಾಗುವುದಿಲ್ಲ. ಇಂಗ್ಲಿಷನ್ನು ನಾವು ಬೆಳಗಾದರೆ ಸಾಧನವಾಗಿಯೇ ಕಾಣುತ್ತೇವೆ, ಅದಕ್ಕೆ ಯಾರೂ ನಮ್ಮನ್ನು ಬೈದಿಲ್ಲ. ಹಾಗಾಗಿ ಉದ್ದೇಶವನ್ನಷ್ಟೇ ನೋಡಿ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅದೂ ಅಲ್ಲದೆ ಉದ್ದೇಶಗಳು ಪುಸ್ತಕದ ಜೊತೆ ಬಹಳ ದೂರ ಬರುವುದಿಲ್ಲ. ತಾಯಿಯ ಹಿರಿಮೆಗಾಗಿ ಪಕ್ಕಪಕ್ಕದಲ್ಲಿ ಜೋಡಿಸಿದ ಪದಗಳನ್ನು ನೋಡುತ್ತಾ ನೋಡುತ್ತಾ, ಮುಂದಿನ ಶತಮಾನದಲ್ಲಿ ಆಲ್ಬರ್ಟ್ ಶುಲ್ಟೆನ್ಸ್‌ನಂಥ ಡಚ್ ವಿದ್ವಾಂಸ ಹೀಬ್ರೂ ತಾಯಿಯಲ್ಲ, ಅದೂ ಒಬ್ಬ ಸೋದರಿ ಎಂದು ವಾದಿಸಿದ.

ಉದ್ದೇಶ ಬಿಟ್ಟು ಸಂದರ್ಭಗಳನ್ನು ನೋಡಿದರೆ ವಿಷಯ ಬಿಗಿಯಾಗುತ್ತದೆ. 1524ರ ಬೊಲೊನ್ಯಾ. ಗ್ರನಾಡಾದಲ್ಲಿ ಹುಟ್ಟಿ ಫೆಜ್‌ನಲ್ಲಿ ಬೆಳೆದ ಅಲ್-ಹಸನ್ ಅಲ್-ವಜ್ಜಾನ್ ಎಂಬ ಮುಸ್ಲಿಂ ರಾಜತಾಂತ್ರಿಕನನ್ನು ಕಡಲುಗಳ್ಳರು 1518ರಲ್ಲಿ ಹಿಡಿದು ಪೋಪನಿಗೆ ಒಪ್ಪಿಸಿದ್ದರು. 1520ರಲ್ಲಿ ದೀಕ್ಷಾಸ್ನಾನವಾಯಿತು, ಪೋಪನ ಹೆಸರೇ ಸಿಕ್ಕಿತು. ಲಿಯೊ ಆಫ್ರಿಕಾನಸ್ ಎಂದು ಲೋಕ ಕರೆಯುವುದು ಈತನನ್ನೇ. ಬೊಲೊನ್ಯಾದಲ್ಲಿ ಈತ ಯಾಕೋಬ್ ಮಂತಿನೊ ಎಂಬ ಯಹೂದಿ ವೈದ್ಯನಿಗಾಗಿ ಅರಬ್ಬಿ, ಹೀಬ್ರೂ, ಲ್ಯಾಟಿನ್ ಪದಕೋಶವೊಂದನ್ನು ಶುರುಮಾಡಿದ. ಹಸ್ತಪ್ರತಿ ಇವತ್ತೂ ಸ್ಪೇನಿನ ಎಸ್ಕೋರಿಯಲ್‌ನಲ್ಲಿದೆ. ಅರಬ್ಬಿಯ ಸಾಲು ಕೊನೆತನಕ ಇಳಿದಿದೆ. ಪಕ್ಕದ ಸಾಲುಗಳು ಸ್ವಲ್ಪ ದೂರ ಬಂದು ನಿಂತಿವೆ. ಪುಟಗಟ್ಟಲೆ ಅರಬ್ಬಿ ಪದಗಳು ಅರ್ಥಕ್ಕಾಗಿ ಕಾಯುತ್ತಾ ಕುಳಿತಿವೆ. ಕೊನೆಯಲ್ಲಿ ಬರೆದವನು ತನ್ನ ಹೊಸ ಹೆಸರಿನ ಜೊತೆ ಹಳೆಯ ಹೆಸರನ್ನೂ ಅರಬ್ಬಿಯಲ್ಲಿ ಬರೆದಿದ್ದಾನೆ. ಸೆರೆಯಾಳಾಗಿ ಬಂದವನ ಕೊಡುಗೆಯನ್ನು ‘ಸಹಯೋಗ’ ಎಂದು ಕರೆಯುವುದಕ್ಕೆ ನಾಲಗೆ ತಡವರಿಸುತ್ತದೆ. ಆದರೆ ಆತ ಬರೀ ಕೈಕೋಳದವನಾಗಿ ಬರೆದ ಎನ್ನುವುದೂ ಸರಿಯಲ್ಲ. ಬಲವಂತಕ್ಕೆ ಯಾರೂ ಅಷ್ಟು ಪದಗಳನ್ನು ಒಂದೇ ಅಕ್ಷರದಲ್ಲಿ ಅಂದವಾಗಿ ಬರೆಯಲಾರರು ಎಂದು ನನಗೆ ಅನ್ನಿಸುತ್ತದೆ.

ಕೊಟ್ಟವರೆಲ್ಲ ಬಲಿಪಶುಗಳು ಎಂಬ ಸುಲಭದ ಕಥೆಯನ್ನು ಇನ್ನೂ ಚೆನ್ನಾಗಿ ಕೆಡಿಸುವವನು ಎಲಿಯಾ ಲೆವಿಟಾ. 1469ರಲ್ಲಿ ನ್ಯೂರೆಂಬರ್ಗ್ ಹತ್ತಿರ ಹುಟ್ಟಿದ ಈ ಯಹೂದಿ ವ್ಯಾಕರಣಕಾರ ಇಟಲಿಗೆ ಬಂದು, ರೋಮಿನಲ್ಲಿ ಎಜಿದಿಯೊ ದ ವಿತೆರ್ಬೊ ಎಂಬ ಕಾರ್ಡಿನಲ್‌ನ ಮನೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸಾರ ಸಮೇತ ಇದ್ದ. ಕಾರ್ಡಿನಲ್‌ಗೆ ಲೆವಿಟಾ ಹೀಬ್ರೂ ಕಲಿಸಿದ, ಕಾರ್ಡಿನಲ್‌ನಿಂದ ಲೆವಿಟಾ ಗ್ರೀಕ್ ಕಲಿತ. ಎಜಿದಿಯೊನ ಆಸಕ್ತಿ ಕಬ್ಬಾಲಾದಲ್ಲಿ, ಅಂದರೆ ಯಹೂದಿ ಅನುಭಾವದ ಗ್ರಂಥಗಳಲ್ಲಿ. ಅವುಗಳೊಳಗೆ ಕ್ರೈಸ್ತ ಸತ್ಯ ಅಡಗಿದೆ ಎಂಬ ನಂಬಿಕೆ ಆತನದು. ಸಹಜವಾಗಿಯೇ ಯಹೂದಿ ಗುರುಗಳು ಲೆವಿಟಾನನ್ನು ತರಾಟೆಗೆ ತೆಗೆದುಕೊಂಡರು. ನಮ್ಮ ಧರ್ಮಶಾಸ್ತ್ರವನ್ನು ಹೊರಗಿನವರ ಕೈಗೆ ಕೊಡುತ್ತಿದ್ದೀಯಲ್ಲ ಎಂದರು. 1538ರ ಪುಸ್ತಕವೊಂದರ ಮುನ್ನುಡಿಯಲ್ಲಿ ಲೆವಿಟಾ ಉತ್ತರ ಕೊಟ್ಟಿದ್ದಾನೆ: ಹೌದು, ಕಲಿಸಿದೆ, ಆದರೂ ನಾನು ಯಹೂದಿಯೇ, ನನ್ನಿಂದ ಕಲಿತವರು ನಮ್ಮ ಜನಕ್ಕೆ ಒಳ್ಳೆಯದನ್ನು ಮಾಡಿದ್ದಾರೆ. ಇದು ಅದರ ಸಾರಾಂಶ. ಫ್ರಾನ್ಸಿನ ದೊರೆ ಪ್ಯಾರಿಸ್ಸಿಗೆ ಹೀಬ್ರೂ ಕಲಿಸಲು ಕರೆದಾಗ ಲೆವಿಟಾ ಹೋಗಲಿಲ್ಲ. ತನ್ನ ಜನಕ್ಕೆ ವಾಸಿಸಲು ಅನುಮತಿಯಿಲ್ಲದ ಊರಿನಲ್ಲಿ ತಾನೊಬ್ಬ ಪ್ರಾಧ್ಯಾಪಕನಾಗಿ ಇರಲೊಲ್ಲೆ ಎಂಬುದು ಕಾರಣ.

ಈತ ಕೊಡುವುದನ್ನೂ ಬಲ್ಲ, ನಿರಾಕರಿಸುವುದನ್ನೂ ಬಲ್ಲ. ಎಪ್ಪತ್ತು ದಾಟಿದ ಮೇಲೆ ವೆನಿಸ್‌ನಿಂದ ಆಲ್ಪ್ಸ್ ದಾಟಿ ಜರ್ಮನಿಯ ಇಸ್ನಿ ಎಂಬ ಸಣ್ಣ ಊರಿಗೆ ಹೋದ. ಅಲ್ಲಿ ಪಾವ್ಲುಸ್ ಫಾಗಿಯುಸ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಹೀಬ್ರೂ ಮುದ್ರಣಾಲಯ ಇಟ್ಟಿದ್ದ. 1541ರಲ್ಲಿ ಅಲ್ಲಿಂದ ‘ತಿಶ್ಬಿ’ ಎಂಬ ನಿಘಂಟು ಬಂತು. ಆ ಹೆಸರಿನ ಹೀಬ್ರೂ ಅಕ್ಷರಗಳ ಸಂಖ್ಯಾಮೌಲ್ಯ ಕೂಡಿದರೆ 712. ಪುಸ್ತಕದಲ್ಲಿರುವ ಪದಗಳೂ 712. ಲೆವಿಟಾನ ಹೀಬ್ರೂ ಒಂದು ಕಡೆ, ಎದುರಿಗೆ ಫಾಗಿಯುಸ್‌ನ ಲ್ಯಾಟಿನ್. ಅರಾಮಿಕ್ ಪದಗಳ ಕೋಶವೂ ಅದೇ ವರ್ಷ ಬಂತು, ಮರುವರ್ಷ ಯಿಡ್ಡಿಷ್, ಹೀಬ್ರೂ, ಲ್ಯಾಟಿನ್, ಜರ್ಮನ್ ನಾಲ್ಕನ್ನು ಜೋಡಿಸಿದ ಒಂದು ಪುಟ್ಟ ಪದಪಟ್ಟಿ. ಅಚ್ಚಿನ ಮನೆಯಲ್ಲಿ ಇಬ್ಬರೂ ಇದ್ದರು. ಲ್ಯಾಟಿನ್ ಅರ್ಥ ತಪ್ಪಿದರೆ ಮುದುಕ ಲೆವಿಟಾ ಅಲ್ಲೇ ನಿಂತು ‘ಹಾಗಲ್ಲ’ ಎನ್ನಬಹುದಿತ್ತು. ಈ ‘ಎನ್ನಬಹುದಿತ್ತು’ ನನಗೆ ಮುಖ್ಯ. ಅದಕ್ಕೆ ಮತ್ತೆ ಬರುತ್ತೇನೆ.

ಭಾಷೆ ಕಲಿತರೆ ಆ ಜನದ ಮೇಲೆ ಗೌರವ ತಾನಾಗಿ ಹುಟ್ಟುತ್ತದೆ ಎಂದು ಭಾಷಾಪ್ರೇಮಿಗಳು ಹೇಳುವುದುಂಟು. ಬಾಸೆಲ್‌ನ ಯೋಹಾನೆಸ್ ಬುಕ್ಸ್‌ಟೋರ್ಫ್‌ನನ್ನು ನೋಡಿದರೆ ಈ ಮಾತಿನ ಬಣ್ಣ ಬಯಲಾಗುತ್ತದೆ. 1591ರಿಂದ ಸಾಯುವವರೆಗೆ, ಅಂದರೆ 1629ರವರೆಗೆ, ಅಲ್ಲಿ ಹೀಬ್ರೂ ಪ್ರಾಧ್ಯಾಪಕ. ತನ್ನ ಕಾಲದ ಕ್ರೈಸ್ತರಲ್ಲಿ ಯಹೂದಿ ಗ್ರಂಥಗಳನ್ನು ಇವನಷ್ಟು ಓದಿದವರು ವಿರಳ. ಅದೇ ಮನುಷ್ಯ 1603ರಲ್ಲಿ ಯಹೂದಿಗಳ ಆಚಾರ, ಹಬ್ಬ, ಊಟ, ಮದುವೆಗಳನ್ನೆಲ್ಲ ವಿವರವಾಗಿ ವರ್ಣಿಸಿ ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದ. ವಿವರ ಸೂಕ್ಷ್ಮ, ಧೋರಣೆ ಹಗೆಯದು. ಇದು ಮೂಢನಂಬಿಕೆಯ ಧರ್ಮ ಎಂದು ತೋರಿಸುವುದೇ ಗುರಿ.

ಬಾಸೆಲ್‌ನಲ್ಲಿ ಆಗ ಯಹೂದಿಗಳು ನೆಲೆಸುವಂತಿರಲಿಲ್ಲ. ಆದರೆ ಬುಕ್ಸ್‌ಟೋರ್ಫ್ 1618-19ರಲ್ಲಿ ಯಹೂದಿ ವ್ಯಾಖ್ಯಾನಗಳ ಸಮೇತ ಹೀಬ್ರೂ ಬೈಬಲ್ಲನ್ನು ಅಚ್ಚು ಹಾಕಿಸುವಾಗ, ಕರಡಚ್ಚು ತಿದ್ದುವುದಕ್ಕೆ ಯಹೂದಿಗಳೇ ಬೇಕಾದರು. ವಿಶೇಷ ಅನುಮತಿ ಪಡೆದು ಅಬ್ರಹಾಂ ಬ್ರೌನ್‌ಶ್ವೈಗ್ ಎಂಬಾತ ಬಂದು ಕೆಲಸ ಮಾಡಿದ. ಅಷ್ಟರಲ್ಲಿ ಅಬ್ರಹಾಂಗೆ ಗಂಡು ಮಗುವಾಯಿತು. 1619ರಲ್ಲಿ ಆ ಮಗುವಿನ ಸುನ್ನತಿಗೆ ಬುಕ್ಸ್‌ಟೋರ್ಫ್ ಹೋದ. ವಿಷಯ ಬಯಲಾಗಿ ನಗರಸಭೆ ಪ್ರಾಧ್ಯಾಪಕನಿಗೆ 100 ಗುಲ್ಡನ್ ದಂಡ ಹಾಕಿತು. ಯಾಕೆ ಹೋದ? ಪುಸ್ತಕದಲ್ಲಿ ವರ್ಣಿಸಿದ್ದನ್ನು ಕಣ್ಣಾರೆ ನೋಡುವ ಕುತೂಹಲವೋ, ಜೊತೆಯಲ್ಲಿ ಕೆಲಸ ಮಾಡುವವನ ಮನೆಯ ಸಂಭ್ರಮಕ್ಕೆ ಹೋಗದಿರುವುದು ಚೆನ್ನಲ್ಲ ಎಂಬ ಸಾಮಾನ್ಯ ಸೌಜನ್ಯವೋ? ಎರಡೂ ಇದ್ದಿರಬಹುದು. ಒಬ್ಬ ಮನುಷ್ಯನ ಮನೆಗೆ ಹೋಗುವಷ್ಟು ಸಲುಗೆಯೂ ಅವನ ಜನವನ್ನು ಪುಸ್ತಕದಲ್ಲಿ ಹೀಗಳೆಯುವಷ್ಟು ದ್ವೇಷವೂ ಒಂದೇ ಎದೆಯಲ್ಲಿ ಇರಬಲ್ಲವು. ಇದು ನಮಗೆ ಹೊಸದೇನಲ್ಲ, ನಮ್ಮ ಊರುಗಳಲ್ಲೂ ಇಂಥ ಎದೆಗಳನ್ನು ಕಂಡಿದ್ದೇವೆ.

ಬುಕ್ಸ್‌ಟೋರ್ಫ್‌ನ ದೊಡ್ಡ ಕೋಶ, ತಾಲ್ಮುದ್ ಮತ್ತು ರಬ್ಬಿಗಳ ಗ್ರಂಥಗಳ ಅರಾಮಿಕ್-ಹೀಬ್ರೂ ಪದಗಳದು, ಆತ ಸತ್ತ ಹತ್ತು ವರ್ಷಗಳ ಮೇಲೆ ಮಗನ ಕೈಯಲ್ಲಿ ಮುಗಿದು ಅಚ್ಚಾಯಿತು. ಮೂವತ್ತು ವರ್ಷಗಳ ಕೆಲಸ ಎಂದು ಮುಖಪುಟವೇ ಹೇಳುತ್ತದೆ. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ಎರಡು ಶತಮಾನ ದಾಟಿದ ಮೇಲೂ ಲೈಪ್‌ಜಿಗ್‌ನಲ್ಲಿ ಪರಿಷ್ಕರಿಸಿ ಮತ್ತೆ ಅಚ್ಚು ಹಾಕಿದರು. ಹಗೆಯ ಮನುಷ್ಯ ಒಳ್ಳೆಯ ನಿಘಂಟು ಮಾಡಬಲ್ಲ. ಹಾಗಿದ್ದರೆ ಹಗೆಯಿಂದ ನಿಘಂಟಿಗೆ ಆದ ನಷ್ಟ ಏನು? ಪದಗಳ ಅರ್ಥದಲ್ಲಿ ಬಹುಶಃ ಹೆಚ್ಚೇನೂ ಇಲ್ಲ. ನಷ್ಟವಾದದ್ದು ಇನ್ನೆಲ್ಲೋ. ‘ಮೂಢನಂಬಿಕೆ’ ಎಂದು ಬರೆದ ಕೈಗೆ ‘ಅದು ಹಾಗಲ್ಲ ಸ್ವಾಮಿ’ ಎಂದು ಹೇಳುವ ಜಾಗ ಅಬ್ರಹಾಂಗೆ ಇರಲಿಲ್ಲ. ಕಾಗುಣಿತ ತಿದ್ದಲು ಕರೆಸಿದ್ದರು. ಊರಿನಲ್ಲಿ ಇರುವುದಕ್ಕೇ ಪರವಾನಗಿ ಬೇಕಿದ್ದವನು ಮತ್ತೇನನ್ನು ತಿದ್ದಿಯಾನು?

ಅರಬ್ಬಿಯ ಕಥೆ ಸ್ವಲ್ಪ ಬೇರೆ. ಲೈಡನ್ನಿನ ಯಾಕೋಬಸ್ ಗೋಲಿಯಸ್ ಮೊರೊಕ್ಕೊದಲ್ಲೂ ಅಲೆಪ್ಪೊದಲ್ಲೂ ವರ್ಷಗಟ್ಟಲೆ ಓಡಾಡಿ ಹಸ್ತಪ್ರತಿ ಕೂಡಿಹಾಕಿದವನು. 1653ರಲ್ಲಿ ಬಂದ ಆತನ ಅರಬ್ಬಿ-ಲ್ಯಾಟಿನ್ ಕೋಶ ಬೀದಿಯಲ್ಲಿ ಕೇಳಿದ ಮಾತಿನ ಮೇಲೆ ನಿಂತದ್ದಲ್ಲ. ಅಲ್-ಜವ್ಹರಿ, ಫೀರೂಜಾಬಾದಿ ಮೊದಲಾದ ಅರಬ್ಬಿ ನಿಘಂಟುಕಾರರ ಮೇಲೆ ನಿಂತದ್ದು. ಆ ಗ್ರಂಥಗಳು ಯುರೋಪಿಗೆ ಬಂದದ್ದು ಅಲೆಪ್ಪೊದ ದರ್ವೀಶ್ ಅಹ್ಮದ್‌ನಂಥವರಿಂದ. ಗೋಲಿಯಸ್‌ಗೂ ಆಕ್ಸ್‌ಫರ್ಡಿನ ಪೋಕಾಕ್‌ಗೂ ಪುಸ್ತಕ ಹುಡುಕಿ, ನಕಲು ಮಾಡಿಸಿ ಕಳಿಸುತ್ತಿದ್ದವನು ಈತ. ಈತನ ಪತ್ರಗಳು ಉಳಿದಿವೆ. ಅಲೆಪ್ಪೊದಿಂದ ಬಂದ ಷಾಹಿನ್ ಕಂದಿ ಎಂಬ ಅರ್ಮೇನಿಯನ್ ಲಿಪಿಕಾರ ಲೈಡನ್ನಿನಲ್ಲೇ ಕೂತು ಗೋಲಿಯಸ್‌ಗಾಗಿ ನಕಲು ಮಾಡಿದ. ಇಲ್ಲಿ ಮಾತಾಡುವ ಬಾಯಿ ಒಂದು ಕಡೆ, ಬರೆಯುವ ಕೈ ಇನ್ನೊಂದು ಕಡೆ ಎಂಬ ಚಿತ್ರವೇ ಹೊಂದುವುದಿಲ್ಲ. ಎರಡೂ ಕಡೆ ವಿದ್ವಾಂಸರೇ. ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ, ಹತ್ತನೆಯ ಶತಮಾನದ ಅಲ್-ಜವ್ಹರಿಯೇ ಶುದ್ಧ ಅರಬ್ಬಿಗಾಗಿ ಬೆದುಯಿನ್ ಬುಡಕಟ್ಟುಗಳ ನಡುವೆ ತಿರುಗಿದವನು. ಆ ಡೇರೆಗಳಲ್ಲಿ ಪದ ಹೇಳಿಕೊಟ್ಟ ಮುದುಕಿಯರ ಹೆಸರು ಅಲ್ಲೂ ಇಲ್ಲ. ಇದು ಪಶ್ಚಿಮದವರದೊಂದೇ ಪಾಪ ಎಂದು ಬರೆದು ಕೈತೊಳೆದುಕೊಳ್ಳುವವರಿಗೆ ಜವ್ಹರಿ ಅಡ್ಡ ಬರುತ್ತಾನೆ.

ಬಾಸೆಲ್ ಎಂಬ ಹೆಸರು ಕೇಳಿದಾಗಲೇ ಕನ್ನಡದ ಓದುಗರಿಗೆ ಬೇರೊಂದು ನೆನಪಾಗಿರುತ್ತದೆ. ಬುಕ್ಸ್‌ಟೋರ್ಫ್ ಪಾಠ ಹೇಳಿದ ಊರಿನಲ್ಲಿಯೇ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು, 1834ರಲ್ಲಿ ಮಂಗಳೂರಿಗೆ ಬಂತು. ಅದರ ಮಿಷನರಿಯಾಗಿ ಬಂದ ಫರ್ಡಿನಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳು. ಅದಿಲ್ಲದೆ ನಾನು ಒಂದು ಅಧ್ಯಾಯವನ್ನೂ ಬರೆಯಲಾರೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ, ಇರಬೇಕಾದದ್ದೇ. ಮತಪ್ರಚಾರಕ್ಕೆ ಬಂದವರಿಗೆ ನಾವು ಕೃತಜ್ಞರಾಗಿದ್ದೇವೆ, ಅದರಲ್ಲಿ ಮುಜುಗರವೇನೂ ಇಲ್ಲ. ಗಮನಿಸಬೇಕಾದದ್ದು ಕೃತಜ್ಞತೆ ಹರಿಯುವ ದಿಕ್ಕು. ಪದ ಕೊಟ್ಟ ಸಮುದಾಯ ನಿಘಂಟುಕಾರನಿಗೆ ಪ್ರತಿಮೆ ನಿಲ್ಲಿಸುತ್ತದೆ. ನಿಘಂಟುಕಾರನ ಕಡೆಯವರು ಪದ ಹೇಳಿದವರಿಗೆ ಪ್ರತಿಮೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಈಗಿನ ವಿಶ್ವವಿದ್ಯಾಲಯಗಳು ಈ ಸಮಸ್ಯೆಗೆ ಒಂದು ಪರಿಹಾರ ಕಂಡುಕೊಂಡಿವೆ: ಒಪ್ಪಿಗೆ ಪತ್ರ. ಮಾತು ದಾಖಲಿಸುವ ಮೊದಲು ಸಹಿ ಇಲ್ಲವೇ ಹೆಬ್ಬೆಟ್ಟು. ಗೋಪ್ಯತೆ ಕಾಪಾಡಬೇಕು, ಹಾಗಾಗಿ ಪ್ರಬಂಧದಲ್ಲಿ ಅವರು ‘ಮಾಹಿತಿದಾರರು 7’. ಕಾಳಜಿ ನಿಜವಾದದ್ದೇ. ಆದರೆ ಅಚ್ಚಾದ ಪುಟವನ್ನಷ್ಟೇ ನೋಡಿದರೆ ಕ್ಯಾಸ್ಟೆಲ್‌ನ ‘ಏಳು ಪರದೇಶಿಗಳಿಗೂ’ ನಮ್ಮ ಏಳನೆಯ ಮಾಹಿತಿದಾರರಿಗೂ ಏನು ವ್ಯತ್ಯಾಸ? ಒಮ್ಮೆ ರಾಗಿ ಕಣದ ಪದಗಳನ್ನು ಬರೆದುಕೊಳ್ಳಲು ಹೋಗಿದ್ದೆ. ಎಂಬತ್ತು ದಾಟಿದ ಅಜ್ಜಿ ತೂರುವುದು, ಕೇರುವುದು, ಒನೆಯುವುದು ಮೂರನ್ನೂ ಮೊರ ಹಿಡಿದು ತೋರಿಸಿದರು. ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಕೇಳಿದರು: “ಅಲ್ಲ ಕಣವ್ವ, ನೀನು ಬರ್ಕೊಂಡಿದ್ದು ಸರಿಗೈತೋ ಇಲ್ವೋ ನಂಗೆ ಹೆಂಗ್ ಗೊತ್ತಾಗ್ಬೇಕು? ಓದಿ ಹೇಳು.” ಓದಿ ಹೇಳಿದೆ. ಎರಡಕ್ಕೆ ತಲೆಯಾಡಿಸಿದರು, ಮೂರನೆಯದಕ್ಕೆ ಇನ್ನೊಂದು ಮಾತು ಸೇರಿಸಿದರು. ಆಮೇಲೆ ಹೆಬ್ಬೆಟ್ಟು. ಹೆಸರು ಹಾಕುತ್ತೀಯೋ ಇಲ್ಲವೋ ಎಂದು ಅವರು ಕೇಳಲೇ ಇಲ್ಲ.

ಪದ ಕೊಟ್ಟವರ ಹಕ್ಕು ಎಂದರೆ ಇದೇ ಎಂದು ನನ್ನ ಅಭಿಪ್ರಾಯ. ಹಣ ಕೊಡಬೇಕು, ಹೆಸರು ಹಾಕಬೇಕು, ಬೇಡ ಎನ್ನುತ್ತಿಲ್ಲ. ಆದರೆ ಇವೆರಡೂ ಕೆಲಸ ಮುಗಿದ ಮೇಲೆ ತೀರಿಸುವ ಸಾಲಗಳು. ‘ಹಾಗಲ್ಲ’ ಎನ್ನುವ ಹಕ್ಕು ಕೆಲಸದ ಒಳಗೆ ಇರುವಂಥದ್ದು. ಅದನ್ನು ಕೊಡದೆ ಎಷ್ಟೇ ಪ್ರೀತಿಸಿದರೂ, ಕ್ಯಾಸ್ಟೆಲ್‌ನಂತೆ ಕಣ್ಣನ್ನೇ ಸುಟ್ಟುಕೊಂಡರೂ, ಆ ತ್ಯಾಗ ಪದ ಕೊಟ್ಟವರಿಗೆ ಸಲ್ಲುವುದಿಲ್ಲ. ಕ್ಯಾಸ್ಟೆಲ್ ಕಳೆದುಕೊಂಡದ್ದು ತನ್ನದು. ಅದರಿಂದ ಬೇರೆಯವರ ಸಾಲ ತೀರುವುದು ಹೇಗೆ?

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಆಡುವವರಿಗೆ ತಮ್ಮ ಭಾಷೆಯ ಬಗ್ಗೆ ಎಲ್ಲವೂ ಗೊತ್ತಿರುವುದಿಲ್ಲ. ‘ಹಕ್ಕು ಅಚ್ಚಗನ್ನಡ ಪದ’ ಎಂದು ಯಾರಾದರೂ ಪಟ್ಟು ಹಿಡಿದರೆ ನಿಘಂಟುಕಾರ ತಲೆಬಾಗಬೇಕೆ? ಬೇಡ. ತಿದ್ದುವ ಹಕ್ಕು ಎಂದರೆ ಕೊನೆಯ ಮಾತಿನ ಹಕ್ಕಲ್ಲ. ಪದದ ಹುಟ್ಟಿನ ಬಗ್ಗೆ ವಿದ್ವಾಂಸನಿಗೆ ಹೆಚ್ಚು ಗೊತ್ತಿರಬಹುದು. ಆದರೆ ಪದದ ಬಳಕೆಯ ಬಗ್ಗೆ, ಅದನ್ನು ಯಾರಿಗೆ ಹೇಳಬಹುದು ಯಾರಿಗೆ ಹೇಳಬಾರದು ಎಂಬುದರ ಬಗ್ಗೆ, ಆಡುವವರ ಮಾತನ್ನು ಕೇಳಿಸಿಕೊಳ್ಳದೆ ಪುಟ ಮುಗಿಸುವುದು ಅನ್ಯಾಯವೂ ಹೌದು, ಕೆಟ್ಟ ವಿದ್ವತ್ತೂ ಹೌದು. ಗೀಜ್, ಸಮಾರಿಟನ್‌ನಂಥ ಭಾಷೆಗಳಲ್ಲಿ ಇನ್ನೂ ತೊಡಕು: ಮನೆಮಾತಾಗಿ ಆಡುವವರು ಆಗಲೇ ಇರಲಿಲ್ಲ. ಆದರೆ ಅವುಗಳಲ್ಲಿ ಪೂಜೆ ಮಾಡುವವರು, ಓದುವವರು ಇದ್ದರು.

ಹಿಯೋಬ್ ಲುಡಾಲ್ಫ್‌ಗೆ ಸಿಕ್ಕಿದ್ದು ಅಂಥವನೊಬ್ಬ. ಜರ್ಮನಿಯ ಎರ್ಫರ್ಟ್‌ನವನಾದ ಲುಡಾಲ್ಫ್ ಪುಸ್ತಕಗಳಿಂದಲೇ ಗೀಜ್ ಕಲಿತಿದ್ದ; ಯಾರ ಬಾಯಲ್ಲೂ ಕೇಳಿರಲಿಲ್ಲ. 1649ರಲ್ಲಿ ರೋಮಿಗೆ ಹೋದಾಗ ಅಲ್ಲಿ ಇಥಿಯೋಪಿಯಾದ ನಾಲ್ಕು ಜನ ಕ್ರೈಸ್ತ ಸನ್ಯಾಸಿಗಳು ಸಿಕ್ಕರು. ಅವರಲ್ಲಿ ಒಬ್ಬ ಅಮ್ಹರ ಸೀಮೆಯ ಅಬ್ಬಾ ಗೋರ್ಗೋರ್ಯೋಸ್. ಆತನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಅರೆಬರೆ ಇಟಾಲಿಯನ್, ಕಾಗದದ ಮೇಲೆ ಬರೆದು ತೋರಿಸಿದ ಗೀಜ್, ಹೀಗೆ ಮಾತು ಶುರುವಾಯಿತು. 1652ರಲ್ಲಿ ಗೋಥಾದ ಡ್ಯೂಕ್ ಗೋರ್ಗೋರ್ಯೋಸ್‌ನನ್ನು ತನ್ನ ಅರಮನೆಗೆ ಕರೆಸಿಕೊಂಡ. ಅಲ್ಲಿ ಕೆಲವು ತಿಂಗಳು ಇಬ್ಬರೂ ಎದುರುಬದುರು ಕೂತರು. ಗೀಜ್ ಪದಗಳ ಜೊತೆಗೆ ಗೋರ್ಗೋರ್ಯೋಸ್‌ನ ಮನೆಮಾತಾದ ಅಮ್ಹಾರಿಕ್, ದೊರೆಗಳ ವಂಶ, ಹಬ್ಬಗಳ ಲೆಕ್ಕ, ಊಟ, ಪ್ರಾಣಿಗಳು, ಎಲ್ಲದರ ಬಗ್ಗೆ ಪ್ರಶ್ನೆ. ಲುಡಾಲ್ಫ್ ಇಥಿಯೋಪಿಯಾಕ್ಕೆ ಕಾಲಿಟ್ಟವನಲ್ಲ. ಆ ದೇಶದ ಬಗ್ಗೆ ಆತ ಬರೆದ ಪ್ರಸಿದ್ಧ ಇತಿಹಾಸದ ದೊಡ್ಡ ಭಾಗ ಈ ಮಾತುಕತೆಯಿಂದ ಬಂದದ್ದು. ಅದನ್ನು ಆತ ಮುಚ್ಚಿಡಲಿಲ್ಲ. ಗೋರ್ಗೋರ್ಯೋಸ್‌ನ ಹೆಸರು ಹೇಳಿದ, 1691ರ ತನ್ನ ದೊಡ್ಡ ವ್ಯಾಖ್ಯಾನ ಗ್ರಂಥದಲ್ಲಿ ಆತನ ಚಿತ್ರವನ್ನೂ ಕೆತ್ತಿಸಿ ಹಾಕಿದ.

ಗೋರ್ಗೋರ್ಯೋಸ್ ಊರಿಗೆ ಹೊರಟವನು 1658ರಲ್ಲಿ ಹಡಗು ಒಡೆದು ಸಮುದ್ರದಲ್ಲಿ ಮುಳುಗಿ ಸತ್ತ. ಗೀಜ್-ಲ್ಯಾಟಿನ್ ನಿಘಂಟು ಆಗಿನ್ನೂ ಅಚ್ಚಾಗಿರಲಿಲ್ಲ.

ಅದು ಬಂದದ್ದು 1661ರಲ್ಲಿ, ಲಂಡನ್ನಿನಲ್ಲಿ. ಅಚ್ಚಿನ ಉಸ್ತುವಾರಿಗೆ ಲುಡಾಲ್ಫ್ ಕಳಿಸಿದ್ದು ತನ್ನ ಶಿಷ್ಯ ವಾನ್ಸ್‌ಲೆಬೆನ್‌ನನ್ನು. ಕ್ಯಾಸ್ಟೆಲ್‌ನ ಏಳು ನುಡಿಗಳ ಕೋಶದ ಇಥಿಯೋಪಿಕ್ ಭಾಗಕ್ಕೆ ನೆರವಾದವನೂ ಈತನೇ. ವಾನ್ಸ್‌ಲೆಬೆನ್ ಗುರುವಿನ ಹಸ್ತಪ್ರತಿಯಲ್ಲಿ ತನಗೆ ತೋಚಿದ್ದನ್ನೆಲ್ಲ ಸೇರಿಸಿ, ತಪ್ಪುಗಳ ಸಮೇತ ಅಚ್ಚು ಹಾಕಿಸಿದ. ಪುಸ್ತಕ ಕೈಗೆ ಬಂದಾಗ ಲುಡಾಲ್ಫ್ ಕೆಂಡವಾದ. ತಾನು ಹೇಳದ್ದು ತನ್ನ ಹೆಸರಿನಲ್ಲಿ ಬಂದಿದೆ ಎಂಬ ಸಿಟ್ಟು ವರ್ಷಗಳಾದರೂ ಆರಲಿಲ್ಲ. ಆದರೆ ಲುಡಾಲ್ಫ್‌ಗೆ ಆಯುಸ್ಸು ಇತ್ತು, ಮುದ್ರಕರಿದ್ದರು, ದೊರೆಗಳ ಆಸರೆಯಿತ್ತು. 1698ರಲ್ಲಿ ಅಮ್ಹಾರಿಕ್ ನಿಘಂಟನ್ನು ಹೊರತಂದ. 1699ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಗೀಜ್ ನಿಘಂಟಿನ ಎರಡನೆಯ ಆವೃತ್ತಿಯನ್ನು, ಪದ ಪದವಾಗಿ ತಿದ್ದಿ, ತಾನೇ ಮುಂದೆ ನಿಂತು ಅಚ್ಚು ಹಾಕಿಸಿದ. ಆಗ ಆತನಿಗೆ ಎಪ್ಪತ್ತೈದು ವರ್ಷ. ಗೋರ್ಗೋರ್ಯೋಸ್ ಸತ್ತು ನಲವತ್ತೊಂದು ವರ್ಷವಾಗಿತ್ತು.